ಬೋರ್ಡಿನ ಮೂಲೆಯ ಹೆಸರುಗಳು

ಜೂನ್ ೧೪

ಮಾಮ,

ಫೋನಿನಲ್ಲಿ ನಿನ್ನಿಂದ ‘ಹೂಂ’ ಬಿಟ್ಟು ಬೇರೆ ಮಾತು ಬರುವುದಿಲ್ಲ. ಕಾಗದದಲ್ಲಾದರೆ ಎರಡು ಪುಟ ಬರುತ್ತದೆ. ಹಾಗಾಗಿ ಕಾಗದ. ಫುಟ್‌ಬಾಲ್ ಲೀಗ್ ಮುಗಿಯುವವರೆಗೆ ಅದೇ ಲಾಡ್ಜಿನಲ್ಲಿ ಇರುತ್ತೀಯ ಎಂದು ಅಮ್ಮ ವಿಳಾಸ ಕೊಟ್ಟಳು.

ನನ್ನ ತರಬೇತಿಯ ಶಾಲೆ ಶುರುವಾಯಿತು. ಐದನೇ ತರಗತಿ, ಗಣಿತ. ಇದು ಎರಡನೇ ಸಲ ಎಂಬುದು ನಿನಗೆ ಗೊತ್ತು. ಕಳೆದ ಸಲ ಪಾಠಕ್ಕೆ ಒಳ್ಳೆಯ ಅಂಕವೇ ಬಂದಿತ್ತು. ಫೇಲಾದದ್ದು ‘ತರಗತಿಯ ಶಿಸ್ತು’ ಎಂಬ ಕಾಲಂನಲ್ಲಿ. ಮೂರನೇ ಸಲಕ್ಕೆ ಅವಕಾಶವಿಲ್ಲ. ಸೆಪ್ಟೆಂಬರಿನಲ್ಲಿ ಕಾಲೇಜಿನ ಮಾರ್ಗದರ್ಶಕರು ಬಂದು, ಹಿಂದಿನ ಬೆಂಚಿನಲ್ಲಿ ಕೂತು, ಒಂದು ಪಾಠ ನೋಡುತ್ತಾರೆ. ಅಷ್ಟರೊಳಗೆ ಈ ಮಕ್ಕಳನ್ನು ಹಿಡಿತಕ್ಕೆ ತಂದರೆ ನಾನು ಟೀಚರ್. ಇಲ್ಲದಿದ್ದರೆ ಬೇರೆ ಏನಾದರೂ.

ಕೋಣೆ ಉದ್ದವಾಗಿದೆ, ಕಿಟಕಿಗಳೆಲ್ಲ ಒಂದೇ ಕಡೆ. ತರಗತಿಯ ಕಾಯಂ ಟೀಚರನ್ನು ಮಕ್ಕಳು ದೊಡ್ಡ ಮಿಸ್ ಎನ್ನುತ್ತಾರೆ, ನನ್ನನ್ನು ಚಿಕ್ಕ ಮಿಸ್. ಬೋರ್ಡಿನ ಬಲ ಮೂಲೆಯಲ್ಲಿ ಬಣ್ಣ ಹಚ್ಚಿದ ಒಂದು ಚೌಕವಿದೆ, ಅದರ ತಲೆಯ ಮೇಲೆ ‘ಮಾತಾಡಿದವರು’ ಎಂದು ಬರೆದಿದೆ. ಟೀಚರ್ ಇಲ್ಲದಾಗ ಕ್ಲಾಸ್ ಲೀಡರ್ ಅದನ್ನು ತುಂಬಿಸುತ್ತಾನೆ. ದಿನವೂ ಮೊದಲ ಹೆಸರು ಒಬ್ಬಳದೇ. ಇಡೀ ಶಾಲೆ ಅವಳನ್ನು ರೇಡಿಯೋ ಎಂದು ಕರೆಯುತ್ತದೆ.

“ದಿನಾ ನಿನ್ನ ಹೆಸರೇ ಇರುತ್ತಲ್ಲ, ಬೇಜಾರಾಗಲ್ವಾ?” ಎಂದು ಕೇಳಿದೆ.

“ಅದು ನನ್ನ ಅಡ್ರೆಸ್ಸು ಮಿಸ್. ಅಲ್ಲಿ ಇಲ್ಲ ಅಂದ್ರೆ ನಾನು ರಜ ಅಂತ.”

ನಕ್ಕುಬಿಟ್ಟೆ. ಸ್ಟಾಫ್ ರೂಮಿನಲ್ಲಿ ದೊಡ್ಡ ಮಿಸ್ ಹೇಳಿದರು, “ಮೊದಲ ತಿಂಗಳು ನಗಬೇಡಮ್ಮ. ಆಮೇಲೆ ಬೇಕಾದಷ್ಟು ನಗು.”

ಬೆವರಿ ಕೋಪದಲ್ಲಿರುವ ಇಪ್ಪತ್ತೆರಡು ಗಂಡಸರನ್ನು ನೀನು ಒಂದು ಸೀಟಿಯಲ್ಲಿ ನಿಲ್ಲಿಸುತ್ತೀಯಲ್ಲ, ಅದು ಹೇಗೆ? ತಮಾಷೆಗೆ ಕೇಳುತ್ತಿಲ್ಲ.

ನಿನ್ನ,
ಮೊಳೆ


ಜೂನ್ ೨೫

ಮೊಳೆ,

ಚಿಕ್ಕವಳಿದ್ದಾಗ ನಿನಗೆ ಈ ಹೆಸರಿಟ್ಟದ್ದು ನೀನು ಸಣಕಲಿ ಎಂದಲ್ಲ. ಕೂತ ಜಾಗದಿಂದ ನಿನ್ನನ್ನು ಕೀಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಅದನ್ನು ನೆನಪಿಟ್ಟುಕೋ, ಅರ್ಧ ಕೆಲಸ ಆದಂತೆ.

ಉಳಿದರ್ಧ ಹೇಳುತ್ತೇನೆ. ಆಟದ ಹಣೆಬರಹವೆಲ್ಲ ಮೊದಲ ಕಾಲು ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಮೊದಲ ತಪ್ಪಿಗೇ ಕಾರ್ಡು ತೋರಿಸು. ಎರಡನೆಯದಕ್ಕೆ ಕಾದರೆ ಆಟಗಾರರು ನಿನ್ನ ಅಳತೆ ತೆಗೆದುಕೊಂಡಿರುತ್ತಾರೆ. ಕಾರ್ಡು ಯಾಕೆ ಎಂದು ವಿವರಿಸಲು ಹೋಗಬೇಡ. ವಿವರಿಸುವವನ ಸುತ್ತ ಜನ ಸೇರುತ್ತಾರೆ.

ಕಳೆದ ಭಾನುವಾರದ ಆಟದಲ್ಲಿ ಒಬ್ಬ ಡಿಫೆಂಡರ್ ನನ್ನನ್ನು ಹತ್ತು ನಿಮಿಷಕ್ಕೊಮ್ಮೆ ‘ಗುರುಗಳೇ’ ಎನ್ನುತ್ತಿದ್ದ. ಹಳದಿ ಕಾರ್ಡು ತೋರಿಸಿದೆ.

“ಯಾಕೆ ಗುರುಗಳೇ, ಮರ್ಯಾದೆ ಕೊಟ್ಟಿದ್ದಕ್ಕಾ?”

“ಬಾಯಲ್ಲಿ ನನಗೆ ಮರ್ಯಾದೆ ಕೊಡ್ತಾ, ಕೈಯಲ್ಲಿ ಅವನ ಅಂಗಿ ಎಳೀತಿದ್ದೆಯಲ್ಲ, ಅದಕ್ಕೆ.”

ಆಮೇಲೆ ಸುಮ್ಮನೆ ಆಡಿದ. ಎರಡು-ಒಂದು ಗೋಲಿನಲ್ಲಿ ಅವನ ತಂಡವೇ ಗೆದ್ದಿತು.

ನಿನ್ನ ರೇಡಿಯೋವನ್ನು ಮೊದಲ ಬೆಂಚಿಗೆ ತಾ. ಅವಳೊಬ್ಬಳು ಸರಿಹೋದರೆ ಉಳಿದವರು ತಾವಾಗಿಯೇ ಸರಿಹೋಗುತ್ತಾರೆ.

ಮಂಡಿ ಚೆನ್ನಾಗಿದೆ ಎಂದು ಅಕ್ಕನಿಗೆ ಹೇಳು. ಮುಂದಿನ ವಾರ ರೆಫರಿಗಳ ಓಟದ ಪರೀಕ್ಷೆ ಇದೆ, ಪ್ರತಿ ವರ್ಷದ ಶಾಸ್ತ್ರ.

ಮಾಮ


ಜುಲೈ ೧೬

ಮಾಮ,

ನೀನು ಹೇಳಿದ್ದನ್ನು ಹತ್ತು ದಿನ ಮಾಡಿ ನೋಡಿದೆ. ಮೊದಲ ತಪ್ಪಿಗೇ ಹೆಸರು ಬರೆದೆ, ವಿವರಿಸಲಿಲ್ಲ, ನಗಲಿಲ್ಲ. ಚೌಕ ತುಂಬಿ ಹೆಸರುಗಳು ಹೊರಗೆ ಇಳಿದವು. ಗಣಿತಕ್ಕೆ ಉಳಿದದ್ದು ಅರ್ಧ ಬೋರ್ಡು. ರೇಡಿಯೋ ಮೊದಲ ಬೆಂಚಿಗೆ ಬಂದಳು. ಆದದ್ದು ಇಷ್ಟೇ, ಈಗ ಅವಳು ಮಾತಾಡಿದರೆ ಹಿಂದಿನವರಿಗೂ ಕೇಳಲಿ ಎಂದು ತಿರುಗಿ ಮಾತಾಡುತ್ತಾಳೆ.

ಹಾಗಾಗಿ ನಿನ್ನ ಕಾರ್ಡುಗಳನ್ನು ಪಕ್ಕಕ್ಕಿಟ್ಟು ನನ್ನದೇ ಒಂದು ಉಪಾಯ ಮಾಡಿದೆ. ಕೋಪಿಸಿಕೊಳ್ಳಬೇಡ.

‘ಮಾತಾಡಿದವರು’ ಎಂಬುದನ್ನು ಅಳಿಸಿ ‘ಒಳ್ಳೆಯದು ಮಾಡಿದವರು’ ಎಂದು ಬರೆದೆ. ಯಾರಾದರೂ ಇನ್ನೊಬ್ಬರಿಗೆ ನೆರವಾದರೆ ಲೀಡರ್ ಅವರ ಹೆಸರು ಬರೆಯಬೇಕು, ತಪ್ಪು ಮಾಡಿದವರದನ್ನು ಬರೆಯುವಂತಿಲ್ಲ. ಲೀಡರ್ ಪೆಚ್ಚಾದ. “ಮಿಸ್, ನಂಗೆ ಅದು ಕಾಣ್ಸಲ್ಲ” ಎಂದ. “ನೋಡ್ತಾ ನೋಡ್ತಾ ಕಾಣ್ಸುತ್ತೆ” ಎಂದೆ.

ಒಂದೇ ವಾರದಲ್ಲಿ ಕೋಣೆ ಬದಲಾಯಿತು. ಬಿದ್ದ ಪೆನ್ಸಿಲ್ಲನ್ನು ಎತ್ತಿಕೊಡುತ್ತಾರೆ, ನೆಲದ ನೀರನ್ನು ಒರೆಸುತ್ತಾರೆ, ಮರೆತು ಬಂದವರಿಗೆ ಸ್ಕೇಲು ಕೊಡುತ್ತಾರೆ. ದೊಡ್ಡ ಮಿಸ್ ಬಾಗಿಲಲ್ಲಿ ನಿಂತು ನೋಡಿ, “ಏನಮ್ಮ, ಇವರಿಗೆ ಜ್ವರ ಗಿರ ಬಂದಿದ್ಯಾ?” ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಎಲ್ಲಕ್ಕಿಂತ ದೊಡ್ಡ ಗೆಲುವು ರೇಡಿಯೋ. ಮಾತು ನಿಂತೇ ಹೋಗಿದೆ. ಕೈಕಟ್ಟಿ ಕೂತು ತರಗತಿಯನ್ನೆಲ್ಲ ನೋಡುತ್ತಿರುತ್ತಾಳೆ, ಆಗಾಗ ತಲೆ ಅಲ್ಲಾಡಿಸುತ್ತಾಳೆ, ಅಷ್ಟೇ. ಸೆಪ್ಟೆಂಬರಿನಲ್ಲಿ ಬರಬೇಕಾದ ಮಾರ್ಗದರ್ಶಕರು ನಾಳೆಯೇ ಬರಲಿ ಎನ್ನಿಸುತ್ತಿದೆ.

ಓಟದ ಪರೀಕ್ಷೆ ಹೇಗಾಯಿತು? ಯಾವ ಪಂದ್ಯ, ಎಷ್ಟು ಗೋಲು, ಯಾರಿಗೆ ಕಾರ್ಡು, ಎಲ್ಲ ಬರಿ.

ಮೊಳೆ


ಜುಲೈ ೩೦

ಮೊಳೆ,

ಗೆದ್ದಿದ್ದೀಯ, ಸಂತೋಷ. ಉಪಾಯ ನಿನ್ನದೇ ಆದದ್ದು ಇನ್ನೂ ಒಳ್ಳೆಯದಾಯಿತು. ನನ್ನ ಕಾರ್ಡು ದೊಡ್ಡವರಿಗೆ ಮಾಡಿದ್ದು.

ಒಂದು ಮಾತು. ಸದಾ ಜಗಳವಾಡುವ ಆಟಗಾರ ಇದ್ದಕ್ಕಿದ್ದಂತೆ ಸುಮ್ಮನಾದರೆ ನಾನು ಅವನ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಒಂದೋ ಅವನಿಗೆ ಆಟ ಬೇಡವಾಗಿರುತ್ತದೆ, ಇಲ್ಲವೇ ಒದೆಯಲು ಸಮಯ ನೋಡುತ್ತಿರುತ್ತಾನೆ. ಆ ಹುಡುಗಿ ಏನು ಮಾಡುತ್ತಿದ್ದಾಳೆ ಎಂದು ನೋಡು.

ಇಲ್ಲಿ ಎಲ್ಲ ನಡೆಯುತ್ತಿದೆ. ಲಾಡ್ಜಿನ ಕೆಳಗೆ ಹೊಸದಾಗಿ ಬೀಗ ರಿಪೇರಿ ಅಂಗಡಿ ಹಾಕಿದ್ದಾರೆ. ಬೆಳಗ್ಗೆಯಿಂದ ಅರ ಉಜ್ಜುವ ಸದ್ದು. ಅಭ್ಯಾಸವಾಗುತ್ತದೆ.

ಮಾಮ


ಆಗಸ್ಟ್ ೮

ಮಾಮ,

ನಿನಗೆ ನನ್ನ ಮೇಲೆ ಬೇಸರವಾಗಿದೆ. ಕಾರ್ಡು ಬೇಡ ಎಂದದ್ದು ತಪ್ಪಾಯಿತೇನೋ. ಪಂದ್ಯದ ಸುದ್ದಿ ಕೇಳಿದರೆ ಬೀಗದ ಅಂಗಡಿಯ ಸುದ್ದಿ ಬರೆದಿದ್ದೀಯ. ಇಷ್ಟು ವರ್ಷದಲ್ಲಿ ಗೋಲು ಇಲ್ಲದ ಕಾಗದ ನಿನ್ನಿಂದ ಒಂದೂ ಬಂದಿರಲಿಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ರೇಡಿಯೋ ಒದೆಯುವವಳಲ್ಲ, ಅವಳಿಗಿನ್ನೂ ಹತ್ತು ವರ್ಷ. ಪಾಠದ ತಯಾರಿ ಇದೆ, ಹೆಚ್ಚು ಬರೆಯಲು ಬಿಡುವಿಲ್ಲ.

ಮೊಳೆ


ಆಗಸ್ಟ್ ೧೭

ಮೊಳೆ,

ಬೇಸರ ಇಲ್ಲ. ಗೋಲು ಬರೆಯದಿದ್ದುದಕ್ಕೆ ಕಾರಣ ಅವು ನನ್ನ ಪಂದ್ಯಗಳಲ್ಲ ಎಂಬುದು.

ಓಟದ ಪರೀಕ್ಷೆಯಲ್ಲಿ ಕೊನೆಯ ಸುತ್ತು ಮುಗಿಸಲಾಗಲಿಲ್ಲ. ಮಂಡಿ ಒಪ್ಪಲಿಲ್ಲ. ಈ ಲೀಗಿನಲ್ಲಿ ಇನ್ನು ಮೈದಾನಕ್ಕೆ ಇಳಿಯುವಂತಿಲ್ಲ. ಸಂಘದವರು ಮನೆಗೆ ಕಳಿಸಲಿಲ್ಲ, ಬೇರೆ ಕೆಲಸ ಕೊಟ್ಟರು. ಹೊಸ ರೆಫರಿಗಳು ಆಡಿಸುವುದನ್ನು ಕೂತು ನೋಡಿ ಅಂಕ ಹಾಕಬೇಕು. ನಿನ್ನ ಮಾರ್ಗದರ್ಶಕರು ಮಾಡುವ ಕೆಲಸವೇ. ಗ್ಯಾಲರಿಯಲ್ಲಿ ಮೇಲಿನ ಸಾಲು, ಮಡಿಲಲ್ಲಿ ಒಂದು ರಟ್ಟು, ಕೈಯಲ್ಲಿ ಪೆನ್ನು. ಮೊದಲ ವಾರ ನನ್ನ ಬಲಗೈ ಆಗಾಗ ಜೇಬಿಗೆ ಹೋಗಿ ಸೀಟಿ ಹುಡುಕುತ್ತಿತ್ತು.

ನೀನು ಕಾರ್ಡು ಬೇಡ ಎಂದು ಬರೆದ ದಿನ, ಹೊರಗೆ ಕೂತವನ ಮಾತು ಯಾರಿಗೆ ಬೇಕು ಎಂದುಕೊಂಡೆ. ನಿನಗೆ ವಿಷಯವೇ ಗೊತ್ತಿರಲಿಲ್ಲ, ಹಾಗಾಗಿ ಅದು ನನ್ನ ಪೆದ್ದುತನ.

ಅಕ್ಕನಿಗೆ ಹೇಳಬೇಡ. ಗೊತ್ತಾದರೆ ನೋವಿನ ಎಣ್ಣೆ ಹಿಡಿದುಕೊಂಡು ಮೊದಲ ಬಸ್ಸಿಗೇ ಬರುತ್ತಾಳೆ.

ಈಗ ನಿನ್ನ ಸರದಿ. ‘ಎಲ್ಲ ಸರಿಯಾಗಿದೆ’ ಎಂದು ನಾನು ಬರೆದಾಗ ಏನು ಸರಿಯಿತ್ತು ಎಂದು ಈಗ ನಿನಗೆ ಗೊತ್ತಾಯಿತಲ್ಲ. ನೀನೂ ಅದನ್ನೇ ಬರೆದಿದ್ದೀಯ.

ಮಾಮ


ಆಗಸ್ಟ್ ೨೫

ಮಾಮ,

ಸರಿ, ಹೇಳುತ್ತೇನೆ.

ಹಿಂದಿನ ಕಾಗದ ಬರೆಯುವ ಮೊದಲೇ ನನಗೆ ಅನುಮಾನ ಬಂದಿತ್ತು. ಪೆನ್ಸಿಲ್ ಡಬ್ಬಿಗಳು ಬೀಳುವುದರಲ್ಲಿ ಒಂದು ಕ್ರಮವಿತ್ತು. ಎಡ ಸಾಲಿನವರು ಬೀಳಿಸಿದರೆ ಬಲ ಸಾಲಿನವರು ಎತ್ತಿಕೊಡುತ್ತಿದ್ದರು. ಮರುದಿನ ಬಲ ಸಾಲಿನವರು ಬೀಳಿಸುತ್ತಿದ್ದರು. ಸ್ಕೇಲು ಮರೆತು ಬರುವವರ ಸಂಖ್ಯೆಯೂ ಹೆಚ್ಚಿತ್ತು. ಒಂದು ದಿನ ಒಬ್ಬಳು ಬಾಟಲಿಯಿಂದ ನೀರು ಚೆಲ್ಲಿ, ಒರೆಸಬೇಕಾದವನು ಇನ್ನೂ ಏಳಲಿಲ್ಲವಲ್ಲ ಎಂದು ಅವನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಅವನು ಓಡಿ ಬಂದ. ಜಾರಿದ. ಬೆಂಚಿನ ಅಂಚಿಗೆ ಮೊಣಕೈ ಬಡಿಯಿತು.

ಮೂಳೆ ಮುರಿದಿರಲಿಲ್ಲ, ಊದಿತ್ತು. ಮರುದಿನ ಅವನ ಅಪ್ಪ ಬಂದರು, ಬಸ್ ಡ್ರೈವರ್. ಖಾಕಿ ಅಂಗಿಯಲ್ಲೇ ಬಂದಿದ್ದರು. ದನಿ ಏರಿಸಲಿಲ್ಲ. “ಮೇಡಂ, ನನ್ನ ಮಗ ಒಳ್ಳೇವನಾಗೋದು ನನಗೂ ಬೇಕು. ಆದ್ರೆ ಅದಕ್ಕೆ ಬೇರೆಯವರು ನೀರು ಚೆಲ್ಲಬೇಕಾ?” ಎಂದರು. ಕ್ಷಮೆ ಕೇಳಿದೆ.

ಅವರು ಹೋದ ಮೇಲೆ ರೇಡಿಯೋಳನ್ನು ಕರೆದೆ. ನೀನು ಹೇಳಿದ್ದೂ ಸರಿಯಲ್ಲ, ನಾನು ತಿಳಿದದ್ದೂ ಸರಿಯಲ್ಲ. ಅವಳಿಗೆ ಆಟ ಬೇಡವಾಗಿರಲಿಲ್ಲ, ಒದೆಯುವ ಯೋಚನೆಯೂ ಇರಲಿಲ್ಲ. ಇಡೀ ಆಟ ಆಡಿಸುತ್ತಿದ್ದವಳೇ ಅವಳು. ಯಾರು ಬೀಳಿಸಬೇಕು, ಯಾರು ಎತ್ತಬೇಕು, ಯಾರದು ನಾಳೆ, ಎಲ್ಲ ಅವಳ ತಲೆಯಲ್ಲಿತ್ತು. ಮಾತಾಡಲು ಪುರುಸೊತ್ತೇ ಇರಲಿಲ್ಲ. ತಲೆ ಅಲ್ಲಾಡಿಸಿದರೆ ಅದು ಅಪ್ಪಣೆ.

“ಎಲ್ಲರ ಹೆಸರೂ ಬರಬೇಕು ಅಂತ ತಾನೆ ನೀವು ಹೇಳಿದ್ದು ಮಿಸ್? ಸುಮ್ನೆ ಬಿಟ್ರೆ ಅದೇ ನಾಲ್ಕು ಜನದ್ದು ಬರುತ್ತೆ. ನಾನು ಸರದಿ ಹಾಕ್ದೆ.”

“ನಿನ್ನ ಹೆಸರು ಮಾತ್ರ ಒಂದು ಸಲವೂ ಬರಲಿಲ್ಲವಲ್ಲ?”

“ನನ್ನ ಹೆಸರು ಎಲ್ಲಾರಿಗೂ ಗೊತ್ತಲ್ಲ ಮಿಸ್. ಪಾಪ, ಅವರದ್ದು ಬರಲಿ ಅಂತ.”

ಬೈಯಲು ಕರೆದಿದ್ದೆ. ಬೈಯಲು ಏನು ಉಳಿಯಿತು ಹೇಳು.

ದೊಡ್ಡ ಮಿಸ್ ಹಳೆಯ ತಲೆಬರಹವನ್ನೇ ಮತ್ತೆ ಬರೆಯಲು ಹೊರಟರು. ಒಂದು ತಿಂಗಳು ಚೌಕ ಖಾಲಿ ಇರಲಿ, ಒಳ್ಳೆಯವರ ಹೆಸರೂ ಬೇಡ, ಕೆಟ್ಟವರದೂ ಬೇಡ ಎಂದು ಕೇಳಿಕೊಂಡೆ. “ನಿನ್ನ ಪರೀಕ್ಷೆ, ನಿನ್ನ ಹಣೆಬರಹ” ಎಂದು ಒಪ್ಪಿದರು. ತರಗತಿಗೆ ಹೇಳಿದಾಗ ರೇಡಿಯೋ ಎದ್ದಳು.

“ಹಂಗಾದ್ರೆ ಒಳ್ಳೇದು ಮಾಡಿದ್ರೆ ಏನ್ ಸಿಗುತ್ತೆ?”

“ಏನೂ ಸಿಗಲ್ಲ. ನಾನು ನೋಡಿದ್ರೆ, ನೋಡ್ದೆ ಅಂತ ನಿನ್ನ ಹತ್ರ ಬಂದು ಹೇಳ್ತೀನಿ.”

“ನೋಡ್ದೇ ಇದ್ರೆ?”

“ಇಲ್ಲ.”

“ನಷ್ಟದ ವ್ಯಾಪಾರ ಮಿಸ್” ಎಂದು ಕೂತಳು. ಈಗ ಮತ್ತೆ ಮಾತು ಶುರುವಾಗಿದೆ. ಗದ್ದಲವಿದೆ. ಆದರೆ ಡಬ್ಬಿಗಳು ಬೀಳುತ್ತಿಲ್ಲ. ನಿನ್ನೆ ಮೊಣಕೈಯವನ ಚೀಲವನ್ನು ಯಾರೋ ಮೆಟ್ಟಿಲು ಹತ್ತಿಸಿ ತಂದಿಟ್ಟಿದ್ದರು. ಯಾರು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಪಾಠದ ದಿನ ಗೊತ್ತಾಗಿದೆ, ಸೆಪ್ಟೆಂಬರ್ ಹನ್ನೆರಡು. ನೀನು ಹಿಂದೆ ಕೂತವನಲ್ಲವೇ ಈಗ? ಹಿಂದೆ ಕೂತವರು ಏನು ನೋಡುತ್ತಾರೆ?

ಮೊಳೆ


ಸೆಪ್ಟೆಂಬರ್ ೩

ಮೊಳೆ,

ಆ ಹುಡುಗಿ ದೊಡ್ಡವಳಾದ ಮೇಲೆ ನಮ್ಮ ಸಂಘದ ಪಂದ್ಯಪಟ್ಟಿ ಮಾಡಲು ಕಳಿಸು. ನಮ್ಮವರಿಗೆ ಸರದಿ ಹಾಕುವುದು ಇನ್ನೂ ಬಂದಿಲ್ಲ.

ನಿನ್ನ ಪ್ರಶ್ನೆಗೆ ಬರುತ್ತೇನೆ. ನಿನ್ನ ಮಾರ್ಗದರ್ಶಕರ ವಿಷಯ ನನಗೆ ಗೊತ್ತಿಲ್ಲ, ನನ್ನದು ಹೇಳುತ್ತೇನೆ. ಮೊದಮೊದಲು ನಾನು ಸೀಟಿ, ಕಾರ್ಡು ಇವನ್ನೇ ನೋಡುತ್ತಿದ್ದೆ. ಈಗ ಅವು ಕಣ್ಣಿಗೇ ಬೀಳುವುದಿಲ್ಲ. ಆಟ ನಿಂತ ಮೇಲೆ ಮತ್ತೆ ಹೇಗೆ ಶುರುವಾಗುತ್ತದೆ, ಅದನ್ನು ನೋಡುತ್ತೇನೆ. ಕೆಲವರು ಸೀಟಿ ಊದಿದರೆ ಎಲ್ಲ ನಿಲ್ಲುತ್ತದೆ, ಆದರೆ ಆಮೇಲೆ ಯಾರಿಗೂ ಆಡುವ ಮನಸ್ಸಿರುವುದಿಲ್ಲ. ಚೆಂಡು ಸತ್ತುಹೋಗಿರುತ್ತದೆ. ಇನ್ನು ಕೆಲವರ ಆಟದಲ್ಲಿ ಕೂಗಾಟ, ತಳ್ಳಾಟ ಎಲ್ಲ ಇರುತ್ತದೆ, ಆದರೂ ಅವರು ಚೆಂಡನ್ನು ನೆಲಕ್ಕಿಟ್ಟ ಕೂಡಲೇ ಇಪ್ಪತ್ತೆರಡು ಜನವೂ ತಮ್ಮ ತಮ್ಮ ಜಾಗಕ್ಕೆ ಓಡುತ್ತಾರೆ, ಆಡಬೇಕು ಎಂದು. ನಾನು ಪೂರ್ತಿ ಅಂಕ ಕೊಡುವುದು ಅವರಿಗೆ.

ಮೊದಲ ಕಾಗದದಲ್ಲಿ ಬರೆದದ್ದರಲ್ಲಿ ಅರ್ಧ ವಾಪಸು ತೆಗೆದುಕೊಂಡಿದ್ದೇನೆ. ವಿವರಿಸಬೇಡ ಎಂದದ್ದನ್ನು ಮಾತ್ರ ಇಟ್ಟುಕೋ.

ಮಾಮ


ಸೆಪ್ಟೆಂಬರ್ ೧೩

ಮಾಮ,

ನಿನ್ನೆ ಪಾಠವಾಯಿತು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ನಾನು ಆರಿಸಿಕೊಂಡದ್ದು ಅಳತೆಯ ಪಾಠ. ಎಲ್ಲರೂ ತಮ್ಮ ಗೇಣಿನಲ್ಲಿ ಬೆಂಚು ಅಳೆಯಬೇಕು. ಒಬ್ಬೊಬ್ಬರಿಗೂ ಒಂದೊಂದು ಲೆಕ್ಕ ಬರುತ್ತದೆ. ಜಗಳ ಹತ್ತುತ್ತದೆ. ಎಲ್ಲರಿಗೂ ಒಂದೇ ಆದ ಅಳತೆ ಬೇಕು ಎಂಬುದು ಆ ಜಗಳದಿಂದಲೇ ಅವರಿಗೆ ಹೊಳೆಯಬೇಕು. ಜಗಳವಿಲ್ಲದೆ ಆ ಪಾಠವಿಲ್ಲ.

ಬೆಳಗ್ಗೆ ನಾನು ಬರುವಷ್ಟರಲ್ಲಿ ದೊಡ್ಡ ಮಿಸ್ ಮಕ್ಕಳಿಗೆ ಹೇಳಿಬಿಟ್ಟಿದ್ದರು, “ಇವತ್ತು ಒಬ್ಬರ ಉಸಿರು ಕೇಳಿದ್ರೂ ಚಿಕ್ಕ ಮಿಸ್ ಫೇಲು. ಆಮೇಲೆ ಅವರು ಬರಲ್ಲ.” ನನ್ನ ಒಳ್ಳೆಯದಕ್ಕೇ ಹೇಳಿದ್ದು. ಮಾರ್ಗದರ್ಶಕ ಸರ್ ಹಿಂದೆ ಕೂತರು, ದೊಡ್ಡ ಮಿಸ್ ಬಾಗಿಲ ಬಳಿ ನಿಂತರು. ಮಕ್ಕಳು ಅಳೆದರು. ಬರೆದರು. ಕೈಕಟ್ಟಿದರು. ಪಕ್ಕದವಳು ಒಂಬತ್ತು ಎಂದು ಬರೆದದ್ದನ್ನು ನೋಡಿಯೂ ಏಳು ಬರೆದವಳು ತುಟಿ ಬಿಚ್ಚಲಿಲ್ಲ. ಮಾಮ, ಫ್ಯಾನಿನ ಸದ್ದು ಕೇಳುತ್ತಿತ್ತು. ಸರ್ ತಲೆದೂಗಿ ಏನೋ ಬರೆದುಕೊಂಡರು. ನಾನು ಹಾಗೆಯೇ ಮುಂದುವರಿದು, ಉತ್ತರವನ್ನು ಬೋರ್ಡಿನ ಮೇಲೆ ನಾನೇ ಬರೆದು ಮುಗಿಸಿದ್ದರೆ, ಕಳೆದ ಸಲ ಕಳೆದುಕೊಂಡ ಕಾಲಂ ಈ ಸಲ ಪೂರ್ತಿ ಸಿಗುತ್ತಿತ್ತು. ಅದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು.

“ರೇಡಿಯೋ, ಇವಳು ಒಂಬತ್ತು ಅಂತಾಳೆ, ನೀನು ಏಳು ಅಂತೀಯ. ಯಾರದು ಸುಳ್ಳು?”

ಅವಳು ಬಾಗಿಲ ಕಡೆ ನೋಡಿದಳು. “ಮಾತಾಡಬಹುದಾ ಮಿಸ್?”

“ಹಿಂದಿನವರಿಗೂ ಕೇಳೋ ಹಂಗೆ.”

“ನಂದು ಸುಳ್ಳಲ್ಲ. ಇವಳ ಕೈ ಇಲಿ ಕೈ.”

ಅಷ್ಟು ಸಾಕಾಯಿತು. ಇಲಿ ಕೈಯವಳು ಎದ್ದಳು, ಅವಳ ಪರವಾಗಿ ಅರ್ಧ ಕೋಣೆ ಎದ್ದಿತು. ಮೊಣಕೈಯವನು ಬೆಂಚಿನ ಮೇಲೆ ಹತ್ತಿ ಎಲ್ಲರಿಗೂ ತನ್ನ ಗೇಣು ತೋರಿಸಿದ. ದೊಡ್ಡ ಮಿಸ್ ಕಣ್ಣು ಮುಚ್ಚಿಕೊಂಡರು. ನಾನು ತಡೆಯಲಿಲ್ಲ. ಜಗಳ ಹಣ್ಣಾಗುವವರೆಗೆ ಕಾದು, ಮೆಲ್ಲನೆ ಕೇಳಿದೆ, “ಹೋಗಲಿ, ಈ ಬೆಂಚಿಗೆ ಹೊಸ ಹಲಗೆ ತರಬೇಕು. ಬಡಗಿಗೆ ಎಷ್ಟು ಗೇಣು ಅಂತ ಹೇಳಲಿ? ಯಾರ ಗೇಣು?”

ಮುಂದಿನ ಸಾಲು ಸುಮ್ಮನಾಯಿತು, ನಾನು ಹೇಳಿದ್ದು ಕೇಳಿಸಲಿಲ್ಲವೆಂದು ಹಿಂದಿನ ಸಾಲೂ. ಆಮೇಲೆ ಮೊಣಕೈಯವನು ಹೇಳಿದ, “ಬಡಗಿ ಗೇಣು ಬೇರೆ ಇರುತ್ತಲ್ಲ ಮಿಸ್. ಯಾರ ಕೈಗೂ ಸೇರದೆ ಇರೋದು ಒಂದು ಬೇಕು.” ಪಾಠ ಅವನೇ ಮುಗಿಸಿದ.

ಸರ್ ಹೊರಗೆ ಕರೆದು ಕೇಳಿದರು, “ಆ ಗಲಾಟೆ ನಿಮ್ಮ ಲೆಕ್ಕದಲ್ಲಿತ್ತೋ, ಕೈಮೀರಿತೋ?”

“ಲೆಕ್ಕದಲ್ಲಿತ್ತು ಸರ್.”

ವಿವರಿಸಲಿಲ್ಲ. ಅವರು ಹೇಳಿದರು, “ಮೊದಲು ಕಂಡ ಶಿಸ್ತು ನಿಮ್ಮದಲ್ಲ ಅಂತ ಗೊತ್ತಾಯ್ತು. ಆಮೇಲೆ ಕಂಡದ್ದು ನಿಮ್ಮದೋ, ಅದೃಷ್ಟವೋ ಗೊತ್ತಾಗಲಿಲ್ಲ. ಈ ಕಾಲಂ ಖಾಲಿ ಇಟ್ಟಿರ್ತೀನಿ. ಇನ್ನೊಂದು ಸಲ ಬರ್ತೀನಿ. ಯಾವತ್ತು ಅಂತ ಹೇಳಲ್ಲ.”

“ಯಾವತ್ತಾದರೂ ಬನ್ನಿ ಸರ್” ಎಂದೆ. ಅದು ನನಗೇ ಆಶ್ಚರ್ಯ.

ಮೊಳೆ


ಸೆಪ್ಟೆಂಬರ್ ೨೦

ಮೊಳೆ,

ಹೇಳದೆ ಬರುವ ಪರೀಕ್ಷಕನೇ ವಾಸಿ, ತಯಾರಿಯ ಕಾಟವಿಲ್ಲ. ಏನನ್ನೂ ಬದಲಾಯಿಸಬೇಡ.

ನಾನು ಮತ್ತೆ ಓಡಿದೆ. ಸುತ್ತು ಮುಗಿಯಿತು, ಕೊಟ್ಟ ಸಮಯ ಮೀರಿತು. ಮುಂದಿನ ವರ್ಷವೂ ರಟ್ಟು, ಪೆನ್ನು ನನ್ನವೇ ಎಂದು ಸಂಘಕ್ಕೆ ಬರೆದುಕೊಟ್ಟಿದ್ದೇನೆ. ಅಕ್ಕನಿಗೆ ನಾನೇ ಹೇಳಿದೆ. ನಾಳೆ ಬರುತ್ತಿದ್ದಾಳೆ, ಎಣ್ಣೆ ಸಮೇತ.

ಮಾಮ


ಸೆಪ್ಟೆಂಬರ್ ೨೯

ಮಾಮ,

ಪಾಸಾದೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕೊನೆಯ ಸಾಲಿಗೆ ಹಾರುತ್ತೀಯ.

ಸರ್ ಗುರುವಾರ ಬಂದರು, ಊಟದ ನಂತರದ ಪೀರಿಯಡ್ಡಿಗೆ. ಮಕ್ಕಳಿಗೆ ನಿದ್ದೆ ಅಥವಾ ಜಗಳ, ಎರಡರಲ್ಲೊಂದು ಇರುವ ಹೊತ್ತು. ದೊಡ್ಡ ಮಿಸ್ ರಜದಲ್ಲಿದ್ದರು. ನಾನು ಹಿಂದಿನ ಬೆಂಚಿನಲ್ಲಿ, ಭಾಗಾಕಾರ ಕೈಕೊಟ್ಟ ಒಬ್ಬಳ ಪಕ್ಕದಲ್ಲಿ ಕೂತಿದ್ದೆ. ಬೋರ್ಡಿನ ಹತ್ತಿರ ಆರೇಳು ಮಕ್ಕಳು ಒಂದು ಲೆಕ್ಕದ ಸುತ್ತ ನಿಂತಿದ್ದರು. ಸೀಮೆಸುಣ್ಣ ರೇಡಿಯೋಳ ಕೈಯಲ್ಲಿತ್ತು. ಉಳಿದವರು ಕೂತಲ್ಲಿಂದಲೇ ತಪ್ಪು ಹೇಳುತ್ತಿದ್ದರು, ಜೋರಾಗಿ.

ಸರ್ ಬಾಗಿಲಲ್ಲಿ ನಿಂತು ಕೋಣೆಯನ್ನೆಲ್ಲ ಹುಡುಕಿದರು. ಅವರಿಗೆ ನಾನು ಕಾಣಲಿಲ್ಲ.

“ಟೀಚರ್ ಎಲ್ಲಮ್ಮ?” ಎಂದು ರೇಡಿಯೋಳನ್ನು ಕೇಳಿದರು.

ನಾನು ಏಳಲು ಹೊರಟೆ. ಒಳಗಿನಿಂದ ಏನೋ ಹಿಡಿದು ಕೂರಿಸಿತು. ಏಳಲಿಲ್ಲ.

ಅವಳು ತಿರುಗಿ ನೋಡಿದಳು. ಅವರು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಇದ್ದಾರೆ ಸರ್, ಹಿಂದೆ. ಒಂಚೂರು ಕೂತ್ಕೊಳ್ಳಿ, ಇನ್ನೊಂದು ಸ್ಟೆಪ್ಪು ಇದೆ, ಮುಗಿಸಿಬಿಡ್ತೀವಿ” ಎಂದು ಮತ್ತೆ ಬೋರ್ಡಿಗೆ ತಿರುಗಿದಳು.

ಇಡೀ ತರಗತಿ ಅವಳ ಜೊತೆಗೇ ತಿರುಗಿತು. ಮೊದಲ ಬೆಂಚಿನವನೊಬ್ಬ ಸರಿದು ಜಾಗ ಮಾಡಿದ. ಸರ್ ಕೂತರು.

ನಿನ್ನ,
ಮೊಳೆ